ಮಾದರಿ ಉತ್ತರದಲ್ಲಿ ಇಲ್ಲದ್ದು

"ಈ ಉತ್ತರಕ್ಕೆ ಐದಕ್ಕೆ ನಾಲ್ಕು ಹೇಗೆ ಕೊಟ್ರಿ ಮೇಡಂ?"

ಅವಳು ತಲೆ ಎತ್ತಿದಳು. ಮೇಜಿನ ಆಚೆ ನಿಂತವನ ಒಂದು ಕೈಯಲ್ಲಿ ಅವಳು ಆಗಷ್ಟೇ ತಿದ್ದಿಟ್ಟ ಉತ್ತರಪತ್ರಿಕೆ, ಇನ್ನೊಂದರಲ್ಲಿ ಹಸಿರು ಪೆನ್ನು. ಆ ಮೌಲ್ಯಮಾಪನದ ಹಾಲ್‌ನಲ್ಲಿ ಕೆಂಪು ಪೆನ್ನಿನವರು ಅಂಕ ಕೊಡುವವರು, ಹಸಿರು ಪೆನ್ನಿನವರು ಕತ್ತರಿಸುವವರು.

"ಓದಿ ಕೊಟ್ಟೆ ಸರ್."

ಯಾರೋ ಕಿಸಕ್ಕನೆ ನಕ್ಕರು. ಅವನು ನಗಲಿಲ್ಲ.

"ಮಾದರಿ ಉತ್ತರ ನೋಡಿದ್ರಾ?"

"ನೋಡಿದೆ. ಆಮೇಲೆ ಪದ್ಯಾನೂ ಓದಿದೆ. ನೀವು?"

ಪಕ್ಕದಲ್ಲಿ ಕೂತಿದ್ದ ಹಿರಿಯ ಉಪನ್ಯಾಸಕಿ, ಅವಳ ಬಾಯಲ್ಲಿ 'ಅಕ್ಕ', ಮೇಜಿನ ಕೆಳಗಿನಿಂದ ಅವಳ ಕಾಲು ತುಳಿದರು. ಅವಳಿಗೇನು ಗೊತ್ತು... ಆ ಮಾದರಿ ಉತ್ತರ ಬರೆದವನೇ ಅವನು!

ಪದ್ಯ ಚಿಕ್ಕದು. ಹೊಸ ಕಾಲದ್ದು, ಪ್ರಾಸವಿಲ್ಲದ್ದು. ಒಂಟಿಯಾಗಿರುವ ಹೆಂಗಸೊಬ್ಬಳು ಸಂಜೆ ಎರಡು ಲೋಟ ತೆಗೆದಿಡುತ್ತಾಳೆ. ಒಂದರಲ್ಲಿ ಕುಡಿಯುತ್ತಾಳೆ. ಎರಡನ್ನೂ ತೊಳೆದು ಕವುಚಿಡುತ್ತಾಳೆ. ಅಷ್ಟೇ.

ಮಾದರಿ ಉತ್ತರದ ಪ್ರಕಾರ ಅದು ಬಾರದವನಿಗಾಗಿ ಕಾಯುವ ಹೆಣ್ಣಿನ ನೋವು, ಆಧುನಿಕ ಬದುಕಿನ ಅನಾಥಪ್ರಜ್ಞೆ. ಈ ವಿದ್ಯಾರ್ಥಿ ಮಾತ್ರ ಸೊಟ್ಟ ಅಕ್ಷರದಲ್ಲಿ ಬೇರೆಯದೇ ಬರೆದಿದ್ದ: 'ಅವಳು ಯಾರಿಗೂ ಕಾಯುತ್ತಿಲ್ಲ. ಬಂದರೆ ಇರಲಿ ಎಂದು ಇಟ್ಟಿದ್ದಾಳೆ. ಬರದಿದ್ದರೆ ಅವಳ ಕಾಫಿ ಕಹಿಯಾಗುವುದಿಲ್ಲ. ಇದು ದುಃಖದ ಪದ್ಯ ಅಲ್ಲ, ಧೈರ್ಯದ ಪದ್ಯ.'

"ಇದಕ್ಕೆ ಸೊನ್ನೆ," ಅಂದ ಅವನು. "ನೀವೇ ತಿದ್ದಿ ಸಹಿ ಹಾಕಿ."

"ಹಾಕಲ್ಲ."

"ಏನಂದ್ರಿ?"

"ಅವಳು ಅಳ್ತಾಳೆ ಅಂತ ಪದ್ಯದಲ್ಲಿ ಎಲ್ಲಿದೆ, ಒಂದು ಸಾಲು ತೋರಿಸಿ. ಈಗಲೇ ಸಹಿ ಹಾಕ್ತೀನಿ."

ಅವನು ಪ್ರಶ್ನೆಪತ್ರಿಕೆಯನ್ನು ಎಳೆದುಕೊಂಡು ಪದ್ಯ ಓದಿದ. ಮತ್ತೊಮ್ಮೆ ಓದಿದ. ಕಿವಿ ಕೆಂಪಾಯಿತು. ಆ ಉತ್ತರಪತ್ರಿಕೆಯನ್ನು ಬೇರೆ ತೆಗೆದಿಟ್ಟುಕೊಂಡು ಹೋದ.

ಅಕ್ಕ ತಲೆ ಚಚ್ಚಿಕೊಂಡರು. "ಲೇ ಹುಡುಗಿ, ಬಂದ ಮೊದಲನೇ ದಿನವೇ ಹುಲಿ ಬಾಯಿಗೆ ಕೈ ಹಾಕ್ತೀಯಲ್ಲೇ! ನಿನ್ನ ಕೆಲಸ ಇನ್ನೂ ಕಾಯಂ ಆಗಿಲ್ಲ, ನೆನಪಿದೆಯಾ? ಇಲ್ಲಿಂದ ಒಂದು ಕೆಟ್ಟ ಮಾತು ಹೋದ್ರೆ ಮುಂದಿನ ವರ್ಷ ಕಾಲೇಜಿನವರು ಕರೆಯೋದೇ ಇಲ್ಲ."

"ನೆನಪಿದೆ ಅಕ್ಕಾ."

"ಮತ್ತೆ?"

ಅವಳು ಮುಂದಿನ ಉತ್ತರಪತ್ರಿಕೆ ಎಳೆದುಕೊಂಡಳು. ಅಪ್ಪ ಬಿಟ್ಟುಹೋದ ಮೇಲೆ ಅವಳ ಅಮ್ಮ ಹೊಲಿಗೆ ಮಷಿನ್ ತುಳಿದು ಮಗಳನ್ನು ಓದಿಸಿದವಳು. ಸಂಜೆ ಕಾಲು ಚಾಚಿ ರೇಡಿಯೋ ಹಾಕಿಕೊಂಡರೆ ಅವಳಿಗಿಂತ ಸುಖಿ ಇನ್ನೊಬ್ಬಳಿರಲಿಲ್ಲ. ಬಂದುಹೋಗುವವರು ಮಾತ್ರ 'ಪಾಪ, ಒಬ್ಳೇ' ಎಂದು ಲೊಚಗುಟ್ಟುತ್ತಿದ್ದರು. ಆ 'ಪಾಪ' ಈಗ ಅಚ್ಚಾಗಿ, ಅಂಕ ಹಚ್ಚಿಕೊಂಡು ಬಂದಿದೆ. ಇದಕ್ಕೆ ಸಹಿ ಹಾಕುವುದೆಂದರೆ...

*ಸಾಧ್ಯವೇ ಇಲ್ಲ.*

ಮರುದಿನ ಅವನೇ ಬಂದ. ಟೀ ಬಿಡುವಿನಲ್ಲಿ, ಕಾರಿಡಾರಿನ ಕಿಟಕಿ ಹತ್ತಿರ.

"ರಾತ್ರಿ ನಿದ್ದೆ ಬರಲಿಲ್ಲ ಮೇಡಂ. ಕಾಯ್ತಿಲ್ಲ ಅಂದ್ರೆ ಎರಡನೇ ಲೋಟ ಯಾಕೆ ತೊಳೀತಾಳೆ?"

"ಧೂಳು ಕೂರುತ್ತೆ ಸರ್. ನಿಮ್ಮ ಮನೇಲಿ ಪಾತ್ರೆ ಯಾರು ತೊಳೀತಾರೆ?"

ಅವನಿಗೆ ನಗು ತಡೆಯಲಾಗಲಿಲ್ಲ. "ನಾನೇ."

"ಸದ್ಯ!"

ಆಮೇಲೆ ಅದೊಂದು ಚಟವೇ ಆಯಿತು. ದಿನಾ ಟೀ ಹೊತ್ತಿಗೆ ಕಿಟಕಿ ಹತ್ತಿರ ಜಗಳ. ಪ್ರತಿಮೆಗೆ ಒಂದೇ ಅರ್ಥ ಇರಬೇಕಾ? ಕವಿ ಹೇಳದ್ದನ್ನು ಓದುಗ ಹೇಳಬಹುದಾ? ಅವನು ಮಾತು ಅಳೆದು ಆಡುವವನು. ಸೋತಾಗ "ಇದು ನಿಮಗೆ" ಎಂದು ಒಪ್ಪಿಕೊಳ್ಳುವವನು. ಹಾಗೆ ಒಪ್ಪಿಕೊಳ್ಳುವ ಗಂಡಸನ್ನು ಅವಳು ಅದುವರೆಗೆ ಕಂಡಿರಲಿಲ್ಲ.

ಟೀ ಗಂಟೆಗೆ ಮೊದಲೇ ಕಣ್ಣು ಬಾಗಿಲಿನತ್ತ ಹೊರಳುವುದನ್ನು ಅವಳೇ ಗಮನಿಸಿ ಬೈದುಕೊಂಡಳು. *ಅಂಕದ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಹಲ್ಲು ಕಿರಿಯಬೇಡ!*

ಆಮೇಲೊಂದು ಬೆಳಿಗ್ಗೆ ಅವನ ಕುರ್ಚಿಯಲ್ಲಿ ಬೇರೆ ಯಾರೋ ಹಸಿರು ಪೆನ್ನು ಹಿಡಿದು ಕೂತಿದ್ದರು. ಅವನು ಹಾಲ್ ದಾಟಿ ಹೋದ. ಅವಳ ಕಡೆ ನೋಡಲೇ ಇಲ್ಲ. ಕೂಡಲೇ ಜವಾನ ಬಂದ.

"ಮೇಡಂ, ದೊಡ್ಡ ಸಾಹೇಬ್ರು ಕರೀತಾರೆ. ನೀವು ತಿದ್ದಿದ ಕಟ್ಟುಗಳ ಮೇಲೆ ಏನೋ ತಕರಾರಂತೆ. ಆ ಸರ್ ಬರೆದುಕೊಟ್ಟಿದ್ದಾರಂತೆ."

ಅವಳು ಪೆನ್ನಿಗೆ ಮುಚ್ಚಳ ಹಾಕಿದಳು.

*ಓಹೋ... ಕಿಟಕಿ ಹತ್ತಿರ ನಗುನಗುತ್ತಾ ಕೇಳಿದ್ದೆಲ್ಲಾ ಇದಕ್ಕೇನಾ? ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನನ್ನ ಬಾಯಿಂದಲೇ ಎಲ್ಲಾ ತೆಗೆದು...*

"ಕ್ಷಮೆ ಕೇಳಿಬಿಡೇ," ಅಕ್ಕ ಪಿಸುಗುಟ್ಟಿದರು. "ಒಂದು ಸಹಿ ತಾನೇ?"

"ಕೆಲಸ ಹೋದ್ರೆ ಅಮ್ಮನ ಪಕ್ಕ ಕೂತು ಕಾಜಾ ಹೊಲೀತೀನಿ. ಸಹಿ ಹಾಕಲ್ಲ ಅಕ್ಕಾ."

ಕಣ್ಣೊರೆಸಿಕೊಳ್ಳಲು ಅವಳು ಬಚ್ಚಲಿಗೆ ಹೋಗಲಿಲ್ಲ. ಅತ್ತರೆ ಮೂಗು ಕೆಂಪಾಗುತ್ತದೆ. ನೇರ ದೊಡ್ಡ ಸಾಹೇಬರ ಕೋಣೆಗೆ ನಡೆದಳು.

ಅಲ್ಲಿ ಸಮಿತಿಯ ಹಿರಿಯರು ಸಾಲಾಗಿ ಕೂತಿದ್ದರು. ಅವನು ಎದುರಿಗೆ ನಿಂತಿದ್ದ.

"ಕೂತ್ಕೊಳ್ಳಮ್ಮಾ," ಅಂದರು ದೊಡ್ಡ ಸಾಹೇಬರು. "ಇವರು ಮಾದರಿ ಉತ್ತರ ತಪ್ಪು ಅಂತ ಆಕ್ಷೇಪಣೆ ಕೊಟ್ಟಿದ್ದಾರೆ. ಬರೆದವರೂ ಇವರೇ, ತಪ್ಪು ಅನ್ನೋರೂ ಇವರೇ! ನನ್ನ ಸರ್ವೀಸಲ್ಲಿ ಇಂಥದ್ದು ನೋಡಿಲ್ಲ. ಬೇರೆ ಥರದ ಉತ್ತರ ಸಿಕ್ಕಿದ್ದು ನಿಮ್ಮ ಕಟ್ಟುಗಳಲ್ಲಿ ಅಂತೆ. ಹೇಳಿ, ಯಾಕೆ ಅಂಕ ಕೊಟ್ರಿ?"

ಅವಳು ಅವನತ್ತ ತಿರುಗಿದಳು. ತಕರಾರು ಅವಳ ಮೇಲಲ್ಲ, ಅವನದೇ ಉತ್ತರದ ಮೇಲೆ!

ಆಕ್ಷೇಪಣೆ ಕೊಟ್ಟವರು ತೀರ್ಮಾನ ಆಗುವ ತನಕ ಆ ಉತ್ತರ ತಿದ್ದುವವರ ಮೇಜಿನ ಹತ್ತಿರ ಬರುವಂತಿಲ್ಲ, ಅಲ್ಲಿಯವರೊಡನೆ ಮಾತಾಡುವಂತಿಲ್ಲ. ಅದು ನಿಯಮ. ಅವಳು ಮಾತ್ರ ಖಾಲಿ ಕುರ್ಚಿ ನೋಡಿ, ತಿರುಗಿದ ಮುಖ ನೋಡಿ, ತನಗೆ ಗೊತ್ತಿದ್ದ ಒಂದೇ ಅರ್ಥ ಹಚ್ಚಿಬಿಟ್ಟಿದ್ದಳು.

ನಾಚಿಕೆ ಆಮೇಲೆ ಪಡೋಣ ಎಂದುಕೊಂಡು ಅವಳು ನೆಟ್ಟಗೆ ಕೂತಳು.

"ಸರ್, ಪದ್ಯದಲ್ಲಿ ಲೋಟ ಇದೆ, ನೀರಿದೆ, ಸಂಜೆ ಇದೆ. ಕಣ್ಣೀರಿಲ್ಲ. ಕಣ್ಣೀರು ನಾವು ತಂದಿದ್ದು. ದುಃಖ ಅಂತ ಓದೋದು ತಪ್ಪಲ್ಲ, ಅದಕ್ಕೂ ಅಂಕ ಕೊಡಿ. ಆದ್ರೆ ಪದ್ಯದ ಸಾಲು ಹಿಡಿದು ಬೇರೆ ಹೇಳಿದವನಿಗೆ ಸೊನ್ನೆ ಕೊಟ್ರೆ, ಅವನು ಇನ್ನೊಂದು ಪದ್ಯ ಓದಲ್ಲ. ಗೈಡ್ ಓದ್ತಾನೆ."

ಹಿರಿಯರು ಅವಳನ್ನು ಹೊರಗೆ ಕೂರಿಸಿ ಚರ್ಚಿಸಿದರು, ಮತ್ತೆ ಕರೆದರು. ಮಾದರಿ ಉತ್ತರಕ್ಕೆ ಒಂದು ವಾಕ್ಯ ಸೇರಿತು: ಪದ್ಯದ ಆಧಾರವಿರುವ ಬೇರೆ ಅರ್ಥಕ್ಕೂ ಪೂರ್ಣ ಅಂಕ. ಎಲ್ಲ ಕಟ್ಟುಗಳಲ್ಲೂ ಆ ಪ್ರಶ್ನೆಯನ್ನು ಮತ್ತೆ ನೋಡಬೇಕು. ಇಷ್ಟು ಕೆಲಸ ಹೆಚ್ಚಿಸಿದ್ದಕ್ಕೆ ಅವನ ಹಸಿರು ಪೆನ್ನು ಹೋಯಿತು.

ಕಾರಿಡಾರಿನಲ್ಲಿ ಅವಳೇ ಅಡ್ಡ ನಿಂತಳು.

"ನೀವು ನನ್ನ ಮೇಲೆ ದೂರು ಕೊಟ್ರಿ ಅಂದ್ಕೊಂಡಿದ್ದೆ. ತಪ್ಪಾಯ್ತು."

"ನನ್ನ ತಪ್ಪು ಅದಕ್ಕಿಂತ ದೊಡ್ಡದು." ಅವನು ಗೋಡೆಗೆ ಒರಗಿದ. "ಅಮ್ಮ ತೀರಿಕೊಂಡ ಹೊಸದರಲ್ಲೇ ಆ ಉತ್ತರ ಬರೆದೆ. ಸಂಜೆ ಮನೆಗೆ ಹೋಗಿ ಅಭ್ಯಾಸ ಬಲದಿಂದ ಇಬ್ಬರಿಗೂ ಕಾಫಿ ಬೆರೆಸ್ತಿದ್ದೆ. ನಾನು ಓದಿದ್ದು ಪದ್ಯ ಅಲ್ಲ ಮೇಡಂ... ನನ್ನ ಅಡುಗೆಮನೆ."

ಅವಳೂ ಪಕ್ಕಕ್ಕೆ ಬಂದು ಗೋಡೆಗೆ ಒರಗಿದಳು.

"ಆಕ್ಷೇಪಣೆ ಕೊಡೋಕೆ ಮೊದಲು ನನಗೊಂದು ಮಾತು ಹೇಳಬಹುದಿತ್ತಲ್ಲ?"

"ಹೇಳಿದ್ರೆ ನಿಮ್ಮನ್ನ ಮೆಚ್ಚಿಸೋಕೆ ಮಾಡಿದೆ ಅಂತ ಆಗ್ತಿತ್ತು."

"ಮೆಚ್ಚಿಸೋಕೆ ಅಲ್ವಾ?"

"ಪೂರ್ತಿ ಅಲ್ಲ..." ಅವನ ಕಿವಿ ಮತ್ತೆ ಕೆಂಪಾಯಿತು.

ಇವನು ಸುತ್ತಿ ಬಳಸಿ ಹೇಳುವ ಹೊತ್ತಿಗೆ ಮೌಲ್ಯಮಾಪನವೇ ಮುಗಿದುಹೋಗುತ್ತದೆ ಎನಿಸಿತು ಅವಳಿಗೆ.

"ನೋಡಿ, ನನಗೆ ಆಸರೆ ಗೀಸರೆ ಬೇಡ. ಒಬ್ಬಳೇ ಇರೋದು ನನಗೆ ಕಷ್ಟವೂ ಅಲ್ಲ. ಆದ್ರೆ ನಿಮ್ಮನ್ನ ಕಂಡ್ರೆ ನನಗಿಷ್ಟ. ಜೀವನಪೂರ್ತಿ ಜಗಳ ಆಡೋಕೆ ನೀವೇ ಆಗಬೇಕು. ಏನಂತೀರಿ?"

ಮಾತು ಅಳೆಯುವವನಿಗೆ ಅಳತೆಯೇ ಸಿಗಲಿಲ್ಲ.

"ಇಷ್ಟ ಅನ್ನೋದು... ಚಿಕ್ಕ ಮಾತಾಗುತ್ತೆ. ನನಗೆ ನೀವು ಬೇಕು."

ಒಳಗಿನಿಂದ ಅಕ್ಕನ ಕೂಗು: "ಲೇ! ಕಟ್ಟು ಹಂಚ್ತಿದ್ದಾರೆ ಬಾರೇ!"

"ಹೋಗಬೇಕು," ಅಂದಳು. "ಎಲ್ಲಾ ಮತ್ತೆ ನೋಡಬೇಕಲ್ಲ, ನಿಮ್ಮ ದಯೆಯಿಂದ. ಗೇಟ್ ಹತ್ತಿರ ಇರ್ತೀರಾ?"

"ಇರ್ತೀನಿ."

"ತಡ ಆಗುತ್ತೆ. ನಿಮಗೋಸ್ಕರ ನಾನು ಬೇಗ ಬೇಗ ಓದಲ್ಲ."

"ಓದಿದ್ರೆ," ಅಂದ ಅವನು, ಮೊದಲ ಸಲ ಅವಳ ಕಣ್ಣಿಗೆ ಕಣ್ಣಿಟ್ಟು, "ನಾನೇ ಮತ್ತೆ ಒಳಗೆ ಕಳಿಸ್ತೀನಿ."