ಚಿಲಕ ಹಾಕಲು ಬಂದವನು

ಮೂವತ್ತೆರಡು ವರ್ಷದವಳ ಕೋಣೆಗೆ ಒಂದು ಚಿಲಕ ಇಲ್ಲವೆಂದರೆ ಯಾರು ನಂಬುತ್ತಾರೆ? ಆರು ವರ್ಷದವಳಿದ್ದಾಗ ಒಳಗೆ ಸಿಕ್ಕಿಹಾಕಿಕೊಂಡು ಅತ್ತಳೆಂದು ಅಪ್ಪ ಅದನ್ನು ಅಂದೇ ಕಿತ್ತು ಹಾಕಿದ್ದರು. ಜೊತೆಗಿದ್ದ ಗೆಳತಿ ಮದುವೆಯಾಗಿ ಹೋದ ಮೇಲೆ ಒಬ್ಬಳ ಸಂಪಾದನೆಗೆ ಬಾಡಿಗೆ ಮನೆ ನಿಲುಕದೆ, ಅವಳು ಮತ್ತೆ ಅದೇ ಕೋಣೆಗೆ ಬಂದು ಮೂರು ತಿಂಗಳಾಗಿತ್ತು. ಬಾಗಿಲು ಹಾಗೇ ಇತ್ತು. ಅಪ್ಪ ಅಮ್ಮನೂ ಹಾಗೇ ಇದ್ದರು.

ಅವಳ ಕೆಲಸ ಆಡಿಯೋ ಪುಸ್ತಕ ಓದುವುದು. ಪ್ರತಿಧ್ವನಿ ತಡೆಯಲು ಗೋಡೆಗೆ ಕಂಬಳಿ ತೂಗುಹಾಕಿ, ಮೈಕ್ ಮುಂದೆ ಕೂತರೆ, ಕಥೆಯ ನಾಯಕಿ ಇನ್ನೇನು ಅಳಬೇಕು ಎನ್ನುವಾಗ ಸರಿಯಾಗಿ ಬಾಗಿಲು ತೆರೆಯುತ್ತಿತ್ತು. ಅಪ್ಪ ಅವಳಿಗೆ ಟೀ ತಂದುಕೊಡಬೇಕು, ಅಮ್ಮನಿಗೆ ಬೀರುವಿನ ಟವೆಲ್ ಬೇಕು. ಸ್ವಂತ ಮನೆಯಲ್ಲಿ ಯಾರಾದರೂ ಬಾಗಿಲು ಬಡಿಯುತ್ತಾರಾ ಎಂದು ಅಮ್ಮ ಕೇಳುತ್ತಿದ್ದರು. ಇನ್ನೊಂದು ಅಧ್ಯಾಯ ಕೆಟ್ಟರೆ ಪುಸ್ತಕವನ್ನು ಬೇರೆಯವರಿಗೆ ಕೊಡುತ್ತೇವೆಂದು ಸ್ಟುಡಿಯೋದವರು ಹೇಳಿಬಿಟ್ಟಿದ್ದರು. ಅವಳಿಗೆ ತಲೆ ಚಿಟ್ಟು ಹಿಡಿದಿತ್ತು.

ಬಡಗಿಯನ್ನು ಕರೆಸಿದ್ದು ಅದಕ್ಕೇ. ಪುಣ್ಯಾತ್ಮ ನಾಲ್ಕು ಸಲ ಬಂದ. ಅಡುಗೆಮನೆಯ ಕಪಾಟು ರಿಪೇರಿಯಾಯಿತು, ಅಪ್ಪನ ಕುರ್ಚಿಗೆ ಹೊಸ ಕಾಲು ಬಂತು, ಚಿಲಕ ಮಾತ್ರ ಬರಲಿಲ್ಲ. ಇದೆಲ್ಲ ಅಪ್ಪನದೇ ಕಿತಾಪತಿ ಎಂದು ಅವಳು ಅವರ ಜೊತೆ ಮಾತು ಬಿಟ್ಟಳು.

ಬಡಗಿಯ ಮೇಲೆ ಸಿಟ್ಟೇ ಬರುತ್ತಿರಲಿಲ್ಲ, ಅದೇ ಇನ್ನೊಂದು ತಲೆನೋವು. ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಬಾಗಿಲಿನ ಅಳತೆ ತೆಗೆಯುವವನು, ಅವಳತ್ತ ಒಮ್ಮೆ ನೋಡಿ, ಅಳತೆ ಮರೆತು, ಮತ್ತೆ ಟೇಪ್ ಎಳೆಯುತ್ತಿದ್ದ. ಅವನೂ ಇತ್ತೀಚೆಗೆ ತಾಯಿಯ ಮನೆಗೆ ವಾಪಸಾದವನೇ. ಅಲ್ಲಿ ತನ್ನ ಕೋಣೆಗೆ ಬಾಗಿಲೇ ಇಲ್ಲ, ಬರೀ ಪರದೆ ಎಂದು ಅವನು ಹೇಳಿದಾಗ ಅವಳು ಎಷ್ಟೋ ದಿನಗಳ ಮೇಲೆ ನಕ್ಕಿದ್ದಳು.

ಶನಿವಾರ ಬೆಳಿಗ್ಗೆ ಹೆಡ್‌ಫೋನ್ ಹಾಕಿಕೊಂಡು ಹಿಂದಿನ ದಿನದ ರೆಕಾರ್ಡಿಂಗ್ ಕೇಳುತ್ತಿದ್ದಳು. ನಾಯಕಿಯ ಮಾತಿನ ಹಿಂದೆ, ಹಾಲ್‌ನಿಂದ ಸಣ್ಣಗೆ ಅಪ್ಪನ ದನಿ.

"ಇವತ್ತು ಹಾಕೇಬಿಡಪ್ಪ. ಮಗಳು ನನ್ನ ಜೊತೆ ಮಾತು ಬಿಟ್ಟು ನಾಲ್ಕು ದಿನ ಆಯ್ತು."

"ಸರಿಯಾದ ಸ್ಕ್ರೂ ಸಿಕ್ಕಿಲ್ಲ ಯಜಮಾನ್ರೆ. ನಾಳೆ ಬರ್ತೀನಿ."

ಮೂರು ಸಲ ಹಿಂದಕ್ಕೆ ಹಾಕಿ ಕೇಳಿದಳು. ಆ ಸ್ಕ್ರೂಗಳನ್ನು ಮೊದಲ ದಿನವೇ ಅವನ ಡಬ್ಬಿಯಲ್ಲಿ ಕಣ್ಣಾರೆ ಕಂಡಿದ್ದಳು. ಎದ್ದು ಹೋಗಿ, ಟೀ ಇದೆಯಾ ಎಂದು ಅಪ್ಪನನ್ನು ಕೇಳಿದಳು. ಅವರು ಏನೂ ಆಗದವರಂತೆ ಒಲೆ ಹಚ್ಚಿದರು. ಅವಳಿಗೆ ನಾಚಿಕೆಯಾಯಿತು.

ಮಧ್ಯಾಹ್ನ ಬಂದ ಬಡಗಿಗೆ ಅವಳು ಕೂರಲೂ ಹೇಳಲಿಲ್ಲ. ಹೆಡ್‌ಫೋನನ್ನು ಅವನ ಕಿವಿಗೆ ಹಾಕಿ, ಅವನ ದನಿಯನ್ನೇ ಅವನಿಗೆ ಕೇಳಿಸಿದಳು. ಅವನ ಮುಖ ಕೆಂಪಾಯಿತು.

"ನಿಮ್ಮಿಂದ ನನ್ನ ಕೆಲಸ ಹೋಗ್ತಿತ್ತು, ಗೊತ್ತಾ? ಅಪ್ಪನ್ನ ಬೇರೆ ನೋಯಿಸಿದೆ."

"ತಪ್ಪಾಯ್ತು." ಅವನು ನೆಲ ನೋಡುತ್ತಾ ನಿಂತ. "ಚಿಲಕ ಹಾಕಿಬಿಟ್ರೆ ಮತ್ತೆ ಈ ಮನೆಗೆ ಏನಂತ ಬರೋದು? ನಿಮ್ಮನ್ನ ನೋಡದೆ ಇರೋಕೆ ಆಗಲ್ಲ ಅನ್ನಿಸಿತ್ತು."

ಸಿಟ್ಟು ಇನ್ನೂ ಇತ್ತು, ಆದರೆ ಅವನು ಹೋಗಿಬಿಟ್ಟರೆ ಎಂಬ ಭಯ ಅದಕ್ಕಿಂತ ದೊಡ್ಡದಾಗಿತ್ತು.

"ಮೊದಲು ಚಿಲಕ ಹಾಕಿ," ಎಂದಳು.

ಹತ್ತೇ ನಿಮಿಷದ ಕೆಲಸ. ಅವನನ್ನು ಹೊರಗೆ ನಿಲ್ಲಿಸಿ, ಬಾಗಿಲು ಮುಚ್ಚಿ ಚಿಲಕ ಹಾಕಿಕೊಂಡಳು. ಕೋಣೆ ಮೊದಲ ಸಲ ತನ್ನದೆನಿಸಿತು. ಹೊರಗೆ ಅವನು ಡಬ್ಬಿ ಮುಚ್ಚುವ ಸದ್ದು ಕೇಳಿಸಿತು.

"ಬಿಗಿಯಾಗಿದೆಯಾ?"

"ಆಗಿದೆ."

"ಹಾಗಾದ್ರೆ ಬರ್ತೀನಿ. ಇನ್ನು ನೆಪ ಏನೂ ಉಳಿದಿಲ್ಲ."

"ನೆಪ ಯಾಕೆ ಬೇಕು," ಎಂದಳು ಅವಳು, ಬಾಗಿಲಿಗೆ ಹಣೆಯೊರಗಿಸಿ. "ಬಾಗಿಲು ಬಡಿದು ಬನ್ನಿ."

ಡಬ್ಬಿ ಕೆಳಗಿಟ್ಟ ಸದ್ದಾಯಿತು. ಆಮೇಲೆ ಮೆಲ್ಲಗೆ ಎರಡು ಬಡಿತ ಕೇಳಿಸಿತು. ಆ ಬಾಗಿಲನ್ನು ಇದುವರೆಗೆ ಯಾರೂ ಬಡಿದಿರಲಿಲ್ಲ. ಅವಳು ಚಿಲಕ ತೆಗೆದಳು.