ಕಸ್ತೂರಿಯ ನಾಡಿ ಕೀಲಿ

ಅದು 2061ನೇ ಇಸವಿ. ಬೆಳಿಗ್ಗೆ ಆರು ಹತ್ತಕ್ಕೆ ಕೆಂಪಗೇರಿ ಪಟ್ಟಣದ ನೀರು ಸರಬರಾಜು ಕಚೇರಿಯ ಪರದೆಯ ಮೇಲೆ ‘ಕಸ್ತೂರಿ ಲಕ್ಕುಂಡಿ ಒಳಬಂದಿದ್ದಾರೆ’ ಎಂಬ ಸಾಲು ಮೂಡಿತು. ಮರುಕ್ಷಣವೇ ಹದಿನೆಂಟು ಕಿಲೋಮೀಟರ್ ದೂರದಲ್ಲಿ ಏಳನೇ ವಾಲ್ವ್ ತೆರೆದುಕೊಂಡಿತು. ಆ ಕಚೇರಿಯಲ್ಲಿ ವಾಲ್ವ್ ತೆರೆಯುವ ಕೆಲಸದಲ್ಲಿದ್ದ ಕಸ್ತೂರಿ ತೀರಿಕೊಂಡು ಹತ್ತು ತಿಂಗಳಾಗಿತ್ತು.

ದಿನಾ ಹೀಗಾಗುತ್ತಿದೆ ಎಂಬ ಸುದ್ದಿ ಕೊನೆಗೂ ಕಿವಿಗೆ ಬಿದ್ದು ಧಾರವಾಡದಿಂದ ಓಡಿ ಬಂದವರು ನಾಡಿ ಕೀಲಿಯನ್ನು ಕಂಡುಹಿಡಿದ ಡಾ. ಇಂದುಮತಿ ಅಣ್ಣಿಗೇರಿ. ದೂರದ ಯಂತ್ರಕ್ಕೆ ಆಜ್ಞೆ ಕೊಡಲು ಹಿಂದೆ ಎಲ್ಲರೂ ಜೋಡಿ ಕೀಲಿ ಮಾಡಿಕೊಳ್ಳುತ್ತಿದ್ದರು. ಬಹಿರಂಗ ಕೀಲಿಯನ್ನು ಆ ಯಂತ್ರದಲ್ಲಿಟ್ಟು, ಗುಟ್ಟಿನ ಕೀಲಿಯನ್ನು ತಮ್ಮ ಬಳಿ ಜೋಪಾನ ಮಾಡುತ್ತಿದ್ದರು. ಕಳ್ಳರು ಕದಿಯುತ್ತಿದ್ದುದು ಆ ಗುಟ್ಟಿನದನ್ನೇ. ಇಂದುಮತಿ ಅದನ್ನು ಎಲ್ಲೂ ಬರೆದಿಡದಂತೆ ಮಾಡಿದರು. ಗಾಜಿನ ಮೇಲೆ ಬೆರಳಿಟ್ಟರೆ ನಾಡಿಮಿಡಿತದಿಂದ ಕೀಲಿ ಹುಟ್ಟುತ್ತಿತ್ತು, ಬೆರಳು ತೆಗೆದರೆ ಅಳಿಯುತ್ತಿತ್ತು. ಮನುಷ್ಯ ಸತ್ತರೆ ಕೀಲಿಯೂ ಸತ್ತಂತೆ ಎಂದು ಅವರು ದೇಶಕ್ಕೆಲ್ಲ ಮಾತು ಕೊಟ್ಟಿದ್ದರು.

“ಕಸ್ತೂರಿಯವರ ಬಹಿರಂಗ ಕೀಲಿಯನ್ನು ಇನ್ನೂ ಯಾಕೆ ತೆಗೆದಿಲ್ಲ?” ಎಂದು ಕೇಳಿದರು.

ಮೇಲ್ವಿಚಾರಕ ಮೌಲಾಸಾಬ ನದಾಫ ತಲೆ ಕೆರೆದುಕೊಂಡರು. “ವರ್ಷದ ಕಾರ್ಯ ಆಗೂತನಕ ಹೆಸರು ಅಳಿಸೂದು ಬ್ಯಾಡ ಅಂತ ಎಲ್ಲಾರೂ ಅಂದ್ವಿರೀ. ಹಾಜರಿ ಪುಸ್ತಕದಾಗೂ ಹಂಗ ಐತಿ.”

ಇಬ್ಬರೂ ಕಸ್ತೂರಿ ಕೆಲಸ ಮಾಡುತ್ತಿದ್ದ ಪಂಪ್‌ಹೌಸಿಗೆ ಹೋದರು. ಮೋಟಾರಿನ ಹಿಂದೆ, ಬೆರಳಿಡುವ ಗಾಜಿನ ಮೇಲೆ ಒಂದು ರಬ್ಬರ್ ನಳಿಕೆ ಒತ್ತಿಕೊಂಡು ಕೂತಿತ್ತು. ಪುಟ್ಟ ಪಂಪೊಂದು ಅದರೊಳಗೆ ನೀರು ನೂಕುತ್ತಿತ್ತು. ಇಂದುಮತಿ ಮುಟ್ಟಿದವರೇ ಕೈ ಹಿಂದಕ್ಕೆಳೆದುಕೊಂಡರು. ಜ್ವರ ಬಂದ ಮಗುವಿನ ಮಣಿಕಟ್ಟಿನ ಹಾಗೆ ಅದು ಮಿಡಿಯುತ್ತಿತ್ತು. ಕಾಯಿಲೆ ಬಿದ್ದ ಕಸ್ತೂರಿ ತನ್ನ ನಾಡಿಯನ್ನು ದಾಖಲಿಸಿ ಇಲ್ಲಿ ಬಿಟ್ಟುಹೋಗಿದ್ದಳು. ಇಂದುಮತಿಗೆ ಸಿಟ್ಟು ಬರಬೇಕಿತ್ತು, ಬಂದದ್ದು ಭಯ.

“ಈ ವಾಲ್ವ್ ಯಾರಿಗೆ ನೀರು ಬಿಡುತ್ತೆ?”

“ಕಲ್ಲಿನ ಕ್ವಾರಿ ಹಿಂದಿನ ನಲವತ್ಮೂರು ಮನಿಗಿ ರೀ. ನಕ್ಷಾದಾಗ ಆ ಓಣೀನ ಇಲ್ಲ. ಅರ್ಜಿ ಕೊಟ್ಟು ಕೊಟ್ಟು ಸಾಕಾಗಿ ಅಕಿ ತನ್ನ ಹೆಸರ್ಲೇ ಬಿಡ್ತಿದ್ಲು. ಸತ್ತವರ ಮ್ಯಾಲೆ ಯಾರು ಕ್ರಮ ತಗೋತಾರ್ರೀ?”

“ನೀವೇ ಬಿಡಬಹುದಿತ್ತಲ್ಲ?”

ಮೌಲಾಸಾಬ ನೆಲ ನೋಡಿದರು. “ನಾ ಇನ್ನೂ ಸತ್ತಿಲ್ಲಲ್ರೀ, ಬಾಯಾರ.”

ನಳಿಕೆಯನ್ನು ಹಾಗೇ ಬಿಟ್ಟರೆ ಇಂದುಮತಿಯ ಮಾತು ಸುಳ್ಳಾಗುತ್ತಿತ್ತು. ಕಿತ್ತರೆ ನಾಳೆಯಿಂದ ಓಣಿಗೆ ನೀರಿಲ್ಲ. ಅವರು ಕಿತ್ತರು. ಅಂಗೈಯಲ್ಲಿ ನಾಲ್ಕೈದು ಸಲ ಮಿಡಿದು ಅದು ನಿಂತಿತು. ಅಲ್ಲೇ ಕಸ್ತೂರಿಯ ಕೀಲಿಯನ್ನು ಅಳಿಸಿ, ತಮ್ಮ ಬೆರಳಿಟ್ಟು, ತಮ್ಮ ಹೆಸರಿನಲ್ಲಿ ಹೊಸ ಜೋಡಿ ಹುಟ್ಟಿಸಿದರು. ಮುಂದೆ ಯಾವ ರಬ್ಬರಿಗೂ ಮೋಸಹೋಗದಂತೆ ಯಂತ್ರವನ್ನೂ ತಿದ್ದಿದರು. ಅಂದಿನಿಂದ ದಿನಾ ಬೆಳಿಗ್ಗೆ ಧಾರವಾಡದ ಮನೆಯಲ್ಲೇ ಗಾಜಿನ ಮೇಲೆ ಬೆರಳಿಟ್ಟು ಆ ವಾಲ್ವ್ ತೆರೆಯುವುದು ಅವರ ಪಾಲಿಗೆ ಬಂತು.

ಆರು ವರ್ಷ ಕಳೆದವು. ನಕ್ಷೆಯಲ್ಲಿಲ್ಲದ ಓಣಿಗೆ ನೀರು ಬಿಟ್ಟದ್ದೇಕೆ ಎಂದು ನೋಟಿಸುಗಳು ಬಂದವು, ಇಂದುಮತಿ ಉತ್ತರ ಬರೆದರು. ಜೊತೆಗೆ ಓಣಿಯ ಅರ್ಜಿಯನ್ನೂ ಪ್ರತಿ ವರ್ಷ ಕಳಿಸಿದರು. ನಕ್ಷೆಯ ಮೇಲೆ ಒಂದು ಗೆರೆ ಎಳೆಯಲು ಯಾವ ಕೀಲಿಯೂ ಬೇಡ, ಪೆನ್ನೊಂದಿದ್ದರೆ ಸಾಕು. ಆದರೂ ಯಾರೂ ಎಳೆಯಲಿಲ್ಲ. ಈಚೆಗೆ ಗಾಜಿನ ಮೇಲೆ ಬೆರಳಿಡುವಾಗಲೆಲ್ಲ ನಲವತ್ಮೂರು ಮನೆಯವರು ತಮ್ಮ ಮಣಿಕಟ್ಟು ಹಿಡಿದು ನಿಂತಿದ್ದಾರೆ ಅನ್ನಿಸಿ ಅವರಿಗೆ ಬೆವರು ಬರುತ್ತಿತ್ತು.

ಒಂದು ದಿನ ಜ್ವರದಲ್ಲಿ ಏಳುವುದು ಇಪ್ಪತ್ತು ನಿಮಿಷ ತಡವಾಯಿತು. ಫೋನ್ ಬಡಿದುಕೊಂಡಿತು. ಗುರುತಿಲ್ಲದ ಹೆಣ್ಣು ದನಿ.

“ಬಾಯಾರ, ನೀರು ಬಂದಿಲ್ರೀ. ಜೀವಂತ ಅದೀರಿಲ್ಲೋ?”