ಕೊನೆಯವಳ ಹಿಂದಿನ ಗಾಡಿ

“ಗಾಡಿ ಹತ್ತಿ ಮೇಡಂ.”

“ಹತ್ತಲ್ಲ!”

“ಟೈಮ್ ಮುಗೀತಾ ಬಂತು. ಈಗ ರಸ್ತೆ ಬಿಟ್ಟುಬಿಡ್ತಾರೆ, ಲಾರಿಗಳು ಬರ್ತವೆ...”

“ಬರ್ಲಿ. ನಾನು ಸೈಕಲ್ ತುಳೀತಾ ಇದೀನಿ, ಕಾಣಿಸ್ತಿಲ್ವಾ?”

ಕಾಣಿಸುತ್ತಿತ್ತು. ಅವಳ ವೇಗ ಹೇಗಿತ್ತೆಂದರೆ, ರಸ್ತೆಬದಿಯಲ್ಲಿ ಕೋಲೂರಿಕೊಂಡು ಹೋಗುತ್ತಿದ್ದ ಅಜ್ಜ ಅವಳನ್ನು ಹಿಂದೆ ಹಾಕುವುದರಲ್ಲಿದ್ದರು! ಆದರೂ ವ್ಯಾನಿನ ಕಿಟಕಿಯಿಂದ ತಲೆ ಹೊರಹಾಕಿದ್ದ ಯುವಕ ನಗಲಿಲ್ಲ. ನಕ್ಕಿದ್ದರೆ ನೀರಿನ ಬಾಟಲಿ ಅವನ ಮುಖಕ್ಕೇ ಬೀಳುತ್ತಿತ್ತು.

ಕೊನೆಗೂ ಅವಳು ಹತ್ತಲೇಬೇಕಾಯಿತು. ಬೆನ್ನಿನ ನಂಬರ್ ಚೀಟಿ ಬಿಚ್ಚಿಕೊಡುವಾಗ ಕಣ್ಣು ತುಂಬಿ ಬಂತು. ಅವನು ನೋಡಿಯೂ ನೋಡದವನಂತೆ ಕನ್ನಡಿ ಸರಿಮಾಡಿಕೊಂಡ.

ಹೆಂಗಸರ ಆ ಸೈಕಲ್ ರೇಸುಗಳಲ್ಲಿ ಎಲ್ಲರಿಗಿಂತ ಹಿಂದೆ ಒಂದು ವ್ಯಾನ್ ಬರುತ್ತಿತ್ತು. ಸುಸ್ತಾದವರನ್ನು, ಸಮಯ ಮೀರಿದವರನ್ನು ಹತ್ತಿಸಿಕೊಳ್ಳುವುದು ಅದರ ಕೆಲಸ. ರಸ್ತೆ ಗುಡಿಸಿಕೊಂಡು ಬರುವುದರಿಂದ ಎಲ್ಲರ ಬಾಯಲ್ಲೂ ಅದು ಪೊರಕೆ ಗಾಡಿ. ವಾರವೆಲ್ಲ ಮನೆಮನೆಗೆ ಫ್ರಿಜ್ಜು, ವಾಷಿಂಗ್ ಮಷೀನು ತಲುಪಿಸುತ್ತಿದ್ದ ಆ ಯುವಕ, ಭಾನುವಾರ ತನ್ನ ವ್ಯಾನನ್ನು ಈ ಕೆಲಸಕ್ಕೆ ತರುತ್ತಿದ್ದ.

ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದವಳು. ದಿನವಿಡೀ ಬೇರೆಯವರ ಮೂಗಿನ ಮೇಲೆ ಫ್ರೇಮು ಸರಿಯಾಗಿ ಕೂರಿಸುವವಳಿಗೆ ತನ್ನದು ಅಂತ ಇದ್ದದ್ದು ಆ ಭಾನುವಾರ ಒಂದೇ. ಟೀಮಿನಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಸದಾ ಹಿಂದೆ ಇರುತ್ತಾಳೆಂದು ‘ಬಾಲ’ ಎನ್ನುತ್ತಿದ್ದರು. ಪ್ರೀತಿಯಿಂದಲೇ ಕರೆಯುತ್ತಿದ್ದರು, ಆದರೆ ಚುಚ್ಚುವುದು ಚುಚ್ಚುತ್ತಲೇ ಇತ್ತು.

ಇನ್ನು ಕ್ಯಾಪ್ಟನ್? ಸಾಕ್ಷಾತ್ ಅವಳ ಅತ್ತಿಗೆ!

ಅಂದು ರಾತ್ರಿ ಊಟಕ್ಕೆ ಕೂತಾಗ ಅತ್ತಿಗೆ ಖಂಡತುಂಡವಾಗಿ ಹೇಳಿದಳು: “ಈ ಸೀಸನ್‌ನಲ್ಲಿ ಒಂದು ರೇಸನ್ನಾದರೂ ಟೈಮಿನೊಳಗೆ ಮುಗಿಸದವರಿಗೆ ಮುಂದಿನ ವರ್ಷ ಟೀಮಲ್ಲಿ ಜಾಗ ಇಲ್ಲ.”

“ನನಗೂ ಇಲ್ವಾ ಅತ್ತಿಗೆ?”

“ನೀನು ಮನೇಲಿ ನಾದಿನಿ ಕಣೇ, ರಸ್ತೇಲಿ ಅಲ್ಲ. ಅನ್ನ ಹಾಕ್ಕೋ.”

ಅಣ್ಣ ತಟ್ಟೆಯಿಂದ ತಲೆ ಎತ್ತಲಿಲ್ಲ. ಹೆಂಡತಿ ಕ್ಯಾಪ್ಟನ್ ಆದಮೇಲೆ ಅವನು ಮೌನವ್ರತ ಹಿಡಿದಿದ್ದ.

ಎರಡನೇ ರೇಸಿನಲ್ಲಿ ಚೈನ್ ಕಳಚಿತು. ಮೂರನೆಯದರಲ್ಲಿ ಕಾಲು ಹಿಡಿದುಕೊಂಡಿತು. ಪ್ರತಿ ಸಲವೂ ಹಿಂದೆ ಅದೇ ಎಂಜಿನ್ನಿನ ಗುರುಗುರು. ಬೇಡವೆಂದರೂ ಬೆನ್ನು ಬಿಡದ ಬೇತಾಳ!

ಆದರೆ ಬೇತಾಳ ಬರಬರುತ್ತಾ ಮಾತಿಗಿಳಿಯಿತು.

“ಮೇಡಂ, ಇವತ್ತು ಬಾಳೆಹಣ್ಣು ತಿಂದ್ರಾ?”

“ನಿಮಗ್ಯಾಕೆ?”

“ಹೋದ್ಸಲ ತಿನ್ನದೆ ಬಂದು ನನ್ನ ಮೇಲೆ ರೇಗಾಡಿದ್ರಿ. ನನ್ನ ಕ್ಷೇಮಕ್ಕೋಸ್ಕರ ಕೇಳಿದೆ.”

ಅವಳಿಗೆ ನಗು ಬಂತು. ತುಟಿ ಕಚ್ಚಿಕೊಂಡು ತುಳಿದಳು. *ಛೇ, ಇವನ ಮಾತಿಗೆ ನಾನ್ಯಾಕೆ ನಗಬೇಕು? ನನ್ನ ಸೋಲೇ ಇವನ ಸಂಬಳ!* ಎಂದುಕೊಂಡಳು. ಆದರೂ ಶನಿವಾರ ರಾತ್ರಿ ಜಡೆ ಹೆಣೆಯುವಾಗ, ಹಿಂದಿನಿಂದ ಹೇಗೆ ಕಾಣುತ್ತದೆಂದು ಎರಡು ಕನ್ನಡಿ ಹಿಡಿದು ನೋಡಿಕೊಳ್ಳತೊಡಗಿದ್ದಳು. ಯಾಕೆಂದು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ.

ನಾಲ್ಕನೇ ರೇಸು ಬಟ್ಟಬಯಲಿನ ನಡುವೆ. ಬಲಗಡೆಯಿಂದ ಗಾಳಿ ರೊಯ್ಯೆಂದು ಹೊಡೆಯುತ್ತಿತ್ತು. ಅವತ್ತು ಕಾಲಲ್ಲಿ ಶಕ್ತಿಯಿತ್ತು, ಸಮಯವೂ ಕೈಯಲ್ಲಿತ್ತು. ಕೊನೆಯವಳೇ ಆದರೂ ಪರವಾಗಿಲ್ಲ, ಗೆರೆ ದಾಟಿದರೆ ಸಾಕು...

ಇದ್ದಕ್ಕಿದ್ದಂತೆ ಗಾಳಿ ನಿಂತುಹೋಯಿತು.

ಬಲಕ್ಕೆ ತಿರುಗಿದಳು. ವ್ಯಾನ್! ಅವನು ಪಕ್ಕಕ್ಕೇ ಬಂದು, ಗೋಡೆಯ ಹಾಗೆ ಗಾಳಿಗೆ ಅಡ್ಡವಾಗಿ ಓಡಿಸುತ್ತಿದ್ದ.

“ಹಿಂದೆ ಹೋಗಿ! ಹಿಂದೆ ಹೋಗ್ರೀ!” ಕಿರುಚಿದಳು.

ಗಾಳಿಯ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. ಆದರೆ ಬೈಕಿನಲ್ಲಿ ಬರುತ್ತಿದ್ದ ತೀರ್ಪುಗಾರರಿಗೆ ಎಲ್ಲ ಕಾಣಿಸಿತು. ಗಾಡಿಯ ಮರೆಯಲ್ಲಿ ಸೈಕಲ್ ತುಳಿಯುವುದು ನಿಯಮಕ್ಕೆ ವಿರುದ್ಧ. ಸಮಯದೊಳಗೆ ಗೆರೆ ದಾಟಿದವಳನ್ನು ಪಟ್ಟಿಯಿಂದಲೇ ತೆಗೆದುಹಾಕಿದರು. ಗಾಡಿಯವನಿಗೆ ಬೈಗುಳ ಮಾತ್ರ ಸಿಕ್ಕಿತು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅವಳು ರಸ್ತೆಯಂಚಿನಲ್ಲಿ ಕೂತು ಹೆಲ್ಮೆಟ್ಟಿನೊಳಗೆ ಮುಖ ಹುದುಗಿಸಿ ಅತ್ತಳು.

ಮರುದಿನ ಅವನು ಕನ್ನಡಕದ ಅಂಗಡಿಗೇ ಬಂದ. ಮಾಲೀಕರು ಅಲ್ಲೇ ಇದ್ದರು. ಅವಳು ಕುರ್ಚಿ ತೋರಿಸಿದಳು.

“ಕಣ್ಣು ಪರೀಕ್ಷೆಗಾ? ಕೂತ್ಕೊಳ್ಳಿ.”

ಅವನು ಕೂತ. ಅವಳು ಕಣ್ಣಿಗೆ ನೇರ ಬೆಳಕು ಬಿಟ್ಟಳು, ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ!

“ತಪ್ಪಾಯ್ತು,” ಮೆಲ್ಲಗೆ ಅಂದ. “ನೀವು ಅಷ್ಟು ಕಷ್ಟಪಡ್ತಾ ಇದ್ರಿ... ನೋಡೋಕಾಗ್ಲಿಲ್ಲ.”

“ನಿಮ್ಮ ಕರುಣೆ ಯಾರ್ರೀ ಕೇಳಿದ್ರು?”

“ಕರುಣೆ ಅಲ್ಲ.”

“ಮತ್ತೇನು?”

ಅವನ ತುಟಿ ಅಲುಗಿತು. ಮಾಲೀಕರು ಕೆಮ್ಮಿದರು.

ಅವಳ ತಾಳ್ಮೆ ತಪ್ಪಿತು. “ನಾನು ನಿಧಾನ ಇರ್ಬಹುದು. ಆದ್ರೆ ನನ್ನ ಗಾಳಿ ನಾನೇ ತಿಂತೀನಿ! ಇನ್ನೊಂದೇ ರೇಸ್ ಉಳಿದಿರೋದು. ಅವತ್ತು ನನ್ನ ಹಿಂದೆ ನಿಮ್ಮ ಮುಖ ಕಾಣಬಾರದು.”

ಅವನು ಎದ್ದು ಹೋದ. ಬಾಗಿಲು ಮುಚ್ಚಿಕೊಂಡ ಕೂಡಲೇ ಅವಳು ಗಾಜಿನಾಚೆ ಇಣುಕಿದಳು; ವ್ಯಾನ್ ಆಗಲೇ ಹೊರಟಿತ್ತು. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುತ್ತದೆಯೇ?

ಆಮೇಲಿನ ವಾರಗಳಲ್ಲಿ ಅವಳು ಬೆಳಗಾಗುವುದನ್ನೇ ಕಾದು ಸೈಕಲ್ ತೆಗೆಯುತ್ತಿದ್ದಳು. ಅತ್ತಿಗೆಯ ಮೇಲೆ ಸಿಟ್ಟು, ತೀರ್ಪುಗಾರರ ಮೇಲೆ ಸಿಟ್ಟು, ಅವನ ಮೇಲೆ ಎಲ್ಲರಿಗಿಂತ ಹೆಚ್ಚು ಸಿಟ್ಟು. ಏರು ಹತ್ತುವಾಗ ಆ ಸಿಟ್ಟನ್ನೇ ತುಳಿಯುತ್ತಿದ್ದಳು. ಸಿಟ್ಟು ಕರಗಲಿಲ್ಲ, ತೊಡೆ ಮಾತ್ರ ಗಟ್ಟಿಯಾಯಿತು.

ಕೊನೆಯ ರೇಸು. ಉದ್ದನೆಯ ಏರಿನಲ್ಲಿ ಏದುಸಿರು ಬಿಡುತ್ತಿದ್ದ ಮೂವರನ್ನು ದಾಟಿದಳು. *ಇಳಿಜಾರಲ್ಲಿ ಎಂದಿನಂತೆ ಹಿಡೀತಾರೆ ಬಿಡು,* ಎಂದುಕೊಂಡಳು. ಇಳಿಜಾರು ಮುಗಿದು ಸಮತಟ್ಟು ರಸ್ತೆ ಬಂತು. ಕಿವಿ ತಾನಾಗಿಯೇ ಆ ಗುರುಗುರು ಸದ್ದಿಗೆ ಕಾದಿತ್ತು.

ಇಲ್ಲ.

ತಿರುಗಿ ನೋಡಿದಳು. ಖಾಲಿ ರಸ್ತೆ!

*ಬರಬೇಡಿ ಅಂದೆ. ಬರಲೇ ಇಲ್ಲ! ಅಷ್ಟೇನಾ? ಒಂದು ಮಾತಿಗೆ ಇಷ್ಟು ರೋಷಾನಾ? ಬರೋನು ಹೇಗಾದ್ರೂ ಬರ್ತಾನೆ. ಇವನಿಗೆ ನಾನೂ ಒಂದು ಫ್ರಿಜ್ಜೇ, ತಲುಪಿಸಿದ್ರೆ ಮುಗೀತು...*

ಮತ್ತೆ ಮತ್ತೆ ತಿರುಗಿದಳು. ಅಳು ಬಂತು, ಅಳುತ್ತಲೇ ತುಳಿದಳು. ಗೆರೆ ದಾಟಿದ್ದು ಅವಳಿಗೆ ತಿಳಿದದ್ದು ಅತ್ತಿಗೆ ಓಡಿಬಂದು ತಬ್ಬಿಕೊಂಡಾಗಲೇ.

“ಟೈಮಿನೊಳಗೆ ಬಂದ್ಯಲ್ಲೇ, ನನ್ನ ಚಿನ್ನ!”

“ಅವ್ರು ಬರ್ಲಿಲ್ಲ ಅತ್ತಿಗೆ...”

“ಯಾರು?”

“ಪೊರಕೆ ಗಾಡಿಯೋರು. ನನ್ನ ಹಿಂದೆ ಯಾರೂ ಇರ್ಲಿಲ್ಲ.”

ಅತ್ತಿಗೆ ಅವಳ ಮುಖವನ್ನೇ ದಿಟ್ಟಿಸಿದಳು. ಆಮೇಲೆ ಹಣೆ ಚಚ್ಚಿಕೊಂಡಳು.

“ಅಯ್ಯೋ ಪೆದ್ದೀ! ಗಾಡಿ ಬರೋದು ಕೊನೆಯವಳ ಹಿಂದೆ. ನಿನ್ನ ಹಿಂದೆ ಇನ್ನೂ ಮೂರು ಜನ ಇದ್ದಾರೆ ಕಣೇ!”

ಅವಳು ಅಲ್ಲೇ ಕುಸಿದು ಕೂತಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಟೀಮಿನವರು ಊಟಕ್ಕೆ ಕರೆದರು, ಹೋಗಲಿಲ್ಲ. ಬಿಸಿಲಲ್ಲಿ ಗೆರೆಯ ಪಕ್ಕವೇ ನಿಂತಳು. ಡೇರೆ ಬಿಚ್ಚಿದರು, ಕುರ್ಚಿ ಮಡಚಿದರು. ಗಾಡಿ ಇನ್ನೂ ಬರಲಿಲ್ಲ. ಸೀಸನ್ ಪೂರ್ತಿ ಅವನೂ ತನ್ನ ಹಿಂದೆ ಹೀಗೇ ತಾಳ್ಮೆಯಿಂದ ಕಾದಿರಬೇಕು ಎಂದು ಅವಳಿಗೆ ಮೊದಲ ಸಲ ಅನ್ನಿಸಿತು.

ಕೊನೆಗೂ ವ್ಯಾನ್ ಬಂತು. ಹಿಂದಿನ ಸೀಟಿನಲ್ಲಿ ಆ ಮೂವರೂ ಮುಖ ಊದಿಸಿಕೊಂಡು ಕೂತಿದ್ದರು. ಅವನು ಇಳಿದ, ಅವಳನ್ನು ನೋಡಿ ನಿಂತುಬಿಟ್ಟ.

“ಹೋಗಿಲ್ವಾ ನೀವು?”

“ಇಷ್ಟು ನಿಧಾನಕ್ಕೆ ಗಾಡಿ ಓಡಿಸ್ತಾರೇನ್ರೀ ಯಾರಾದ್ರೂ? ಕಾದು ಕಾದು ಕಾಲು ಬಿದ್ದುಹೋಯ್ತು!”

ಅವನು ನಕ್ಕ. ನಗುತ್ತಲೇ ಕಣ್ಣು ಒದ್ದೆಯಾಯಿತು.

“ಆ ಏರಿನ ತಿರುವಲ್ಲಿ ನೀವು ಮರೆಯಾದ್ರಲ್ಲ... ಕುಣಿಯೋಷ್ಟು ಖುಷಿ ಆಯ್ತು. ಆಮೇಲೆ ದಾರಿಯೆಲ್ಲ ಬೇಜಾರು. ಇನ್ಮೇಲೆ ನೀವು ನನಗೆ ಕಾಣಿಸೋದೇ ಇಲ್ವಲ್ಲ ಅಂತ.”

“ಅವತ್ತು ಅಂಗಡೀಲಿ, ಕರುಣೆ ಅಲ್ಲ ಅಂದ್ರಿ. ಮತ್ತೇನು ಅಂತ ಹೇಳಲೇ ಇಲ್ಲ.”

“ಪ್ರೀತಿ ರೀ. ಆದ್ರೆ ಪ್ರೀತಿಯಿಂದ ನಿಮ್ಮ ರೇಸ್ ಕೆಡಿಸೋ ಹಕ್ಕು ನಂಗಿರ್ಲಿಲ್ಲ.”

“ಇರ್ಲಿಲ್ಲ,” ಅಂದಳು ಅವಳು. “ಇವತ್ತು ನನ್ನ ರೇಸ್ ನಾನು ಮುಗಿಸಿದೀನಿ. ಒಬ್ಳೇ. ಅದಕ್ಕೇ ಈಗ ಧೈರ್ಯವಾಗಿ ಹೇಳ್ತೀನಿ... ನಂಗೂ ನೀವಂದ್ರೆ ಇಷ್ಟ. ದಾರಿಯುದ್ದಕ್ಕೂ ಹಿಂದೆ ತಿರುಗಿ ತಿರುಗಿ ಕುತ್ತಿಗೆ ಉಳುಕಿದೆ, ಗೊತ್ತಾ?”

ಅವನು ಹತ್ತಿರ ಬಂದ. ಗ್ರೀಸು ಮೆತ್ತಿದ ಅವಳ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ.

“ನಾಳೆ ಬಂದು ನಿಮ್ಮ ಅತ್ತಿಗೆ ಹತ್ರ ಮಾತಾಡ್ಲಾ?”

“ಮೊದ್ಲು ನನ್ನ ಹತ್ರ ಮಾತಾಡಿ ಮುಗಿಸಿ.”

“ಅದಕ್ಕೆ ತುಂಬಾ ಹೊತ್ತು ಬೇಕು.”

“ಆಗ್ಲಿ,” ಅಂದಳು ಅವಳು. “ಇವತ್ತು ನಂಗೇನೂ ಅವಸರ ಇಲ್ಲ.”